ಬೀಸುಕಲ್ಲಿನ ಮೇಲೆ ಕುಳಿತ ಹಾಡು

ಈ ಮನೆಯಲ್ಲಿ ನಾನು ಪೂರ್ತಿ ನಂಬುವುದು ಒಂದನ್ನೇ, ನನ್ನ ನಾಲಿಗೆಯನ್ನು. ಕಣ್ಣು ಮಂಜಾಗಿವೆ, ಸೂಜಿಗೆ ದಾರ ಪೋಣಿಸಬೇಕೆಂದರೆ ಸೊಸೆಯನ್ನು ಕೂಗಬೇಕು. ಬಲಭುಜ ಹಿಡಿದುಕೊಂಡು ಎಷ್ಟೋ ಕಾಲವಾಯಿತು, ಬೀಸಲು ಆಗದು. ಅಕ್ಷರವಂತೂ ಎಂದೂ ನನ್ನ ಮಾತು ಕೇಳಿದ್ದಿಲ್ಲ. ಎರಡನೇ ಇಯತ್ತೆಗೆ ಸಾಲಿ ಬಿಡಿಸಿದರು, ಒತ್ತಕ್ಷರಗಳು ಅಲ್ಲೇ ಉಳಿದವು. ಆದರೆ ನಾಲಿಗೆ ಇನ್ನೂ ಹದಿನಾರರ ಹುಡುಗಿ. ಒಂದು ತುತ್ತು ರೊಟ್ಟಿ ಬಾಯಿಗಿಟ್ಟರೆ ಸಾಕು, ಜೋಳ ಹಳೆಯದೋ ಹೊಸದೋ, ಎರೆಹೊಲದ್ದೋ ಮಸಾರಿಯದೋ, ಕಲ್ಲಿನಲ್ಲಿ ಬೀಸಿದ್ದೋ ಗಿರಣಿಗೆ ಹಾಕಿಸಿದ್ದೋ ಹೇಳಿಬಿಡುತ್ತೇನೆ. ಗಿರಣಿಯ ಹಿಟ್ಟು ಹೊರಗೆ ಬೀಳುವಾಗಲೇ ಕೈ ಸುಡುತ್ತದೆ. ಅರ್ಧ ಅಲ್ಲೇ ಬೆಂದುಹೋದ ಹಿಟ್ಟಿನಲ್ಲಿ ಸೊಸೆ ಇನ್ನೇನು ಬೇಯಿಸುತ್ತಾಳೆ? ಅದನ್ನು ತಿನ್ನುವುದೂ ಒಂದೇ, ಗೋಡೆಯ ಸುಣ್ಣ ಕೆರೆದು ತಿನ್ನುವುದೂ ಒಂದೇ. ಈ ಮಾತನ್ನು ಸ್ಟೇಷನ್ ರಸ್ತೆಯ ಹಿಂದಿನ ನಮ್ಮ ಓಣಿಯಲ್ಲಿ ನಾನು ಹೇಳದ ಮನೆ ಇಲ್ಲ. ಘೋಣಸಗಿಯ ತವರಿನಿಂದ ಎತ್ತಿನ ಗಾಡಿಯಲ್ಲಿ ನನ್ನ ಜೊತೆ ವಿಜಾಪುರಕ್ಕೆ ಬಂದದ್ದು ಒಂದು ಹಿತ್ತಾಳೆಯ ಡಬ್ಬಿ, ಒಂದು ಬೀಸುಕಲ್ಲು. ಅಪ್ಪ ಕೊಟ್ಟ ಬಂಗಾರ ಯಾವಾಗಲೋ ಕರಗಿತು. ಕಲ್ಲು ಕರಗುವ ಜಾತಿಯದಲ್ಲ.

ಆ ಕಲ್ಲಿನ ಮೇಲೇ ನನ್ನ ಮಗನ ಕಣ್ಣು ಬಿತ್ತು. ಅವನು ಮಲ್ಲಪ್ಪ, ಕಚೇರಿಯಲ್ಲಿ ಗುಮಾಸ್ತ. ಅವನ ಹೆಂಡತಿ ಸುಶೀಲಾ ಬಬಲೇಶ್ವರದವಳು. ಅವಳ ತವರಿನಲ್ಲಿ ಕೀಲಿ ಕೊಟ್ಟು ತಿರುಗಿಸುವ, ದೊಡ್ಡ ತುತ್ತೂರಿಯ ಹಳೆಯ ಗ್ರಾಮೊಫೋನು ಒಂದಿತ್ತು, ಅವರ ಬಾಯಲ್ಲಿ ಫೋನೋ. ಮದುವೆಯಾಗಿ ಬಂದ ಹೊಸತರಲ್ಲಿ ಮಾತೆತ್ತಿದರೆ ಸಾಕು, ‘ನಮ್ಮ ಮನ್ಯಾಗ ಸಂಜಿಗೆ ಫೋನೋ ಹಚ್ಚತಿದ್ರು’ ಎನ್ನುತ್ತಿದ್ದಳು. ನಾನು ಒಮ್ಮೆ ಹೇಳಿದೆ, “ನಮ್ಮೂರಾಗ ಅದಕ್ಕ ರೊಕ್ಕಾ ಯಾಕ ಬೇಕ ಬೇ? ಗುಮ್ಮಟದಾಗ ಹೋಗಿ ಒಮ್ಮಿ ಒದರು, ಅದ ಏಳು ಸಲ ತಿರುಗಿ ಹೇಳತೈತಿ, ಪುಕ್ಕಟ.” ಅವಳು ನಕ್ಕಳು. ಮಗ ಅಷ್ಟಕ್ಕೇ ಬಿಡಲಿಲ್ಲ. ಹೊಸ ತರಹದ ಹಾಡಿನ ತಟ್ಟೆ ಬಂದಿದೆ, ಹಗುರ, ಬಿದ್ದರೂ ಒಡೆಯುವುದಿಲ್ಲ ಎಂದು ಯಾರೋ ಹೇಳಿದರಂತೆ, ಒಂದನ್ನು ತಂದು ಅಭಿಮಾನದಿಂದ ಮಾವನ ಮನೆಗೆ ಒಯ್ದ. ಮಾವನ ಫೋನೋದ ಕಬ್ಬಿಣದ ಮುಳ್ಳು ಆ ಮೆತ್ತನೆಯ ತಟ್ಟೆಯ ಮೇಲೆ ರಂಟೆ ಹೊಡೆದಂತೆ ಹೊಡೆಯಿತು. ಹಾಡುವವಳು ಎರಡು ಸಾಲು ಹಾಡಿ ಕೊನೆಗೆ ಬರೀ ಬುಸುಗುಟ್ಟಿದಳಂತೆ. ಬಿದ್ದರೆ ಒಡೆಯುವುದಿಲ್ಲ ಎಂದಿದ್ದರೇ ಹೊರತು ನೇಗಿಲು ಹೊಡೆದರೆ ಏನಾಗುತ್ತದೆ ಎಂದು ಯಾರೂ ಹೇಳಿರಲಿಲ್ಲ.

ಮಾವನ ಎದುರು ಮಾನ ಹೋದ ಗಂಡಸು ಸುಮ್ಮನೆ ಕೂರುತ್ತಾನೆಯೇ? ಹೊಸ ಯಂತ್ರ ಕೊಳ್ಳುವ ತಾಕತ್ತಿಲ್ಲ, ತುಂಡು ತುಂಡಾಗಿ ಜೋಡಿಸತೊಡಗಿದ. ಮದುವೆಗಳಿಗೆ ಲೌಡ್‌ಸ್ಪೀಕರ್ ಬಾಡಿಗೆ ಕೊಡುವವನೊಬ್ಬನಿಂದ ತಟ್ಟೆ ತಿರುಗಿಸುವ ಹಳೆಯ ಯಂತ್ರವೊಂದನ್ನು ತಂದ. ತಿರುಗುವ ತಟ್ಟೆ ಇದೆ, ಅಡಿಯಲ್ಲಿ ಮೋಟಾರಿದೆ, ಬದಿಗೆ ಮುಳ್ಳು ಹಿಡಿಯುವ ಕೈ ಇದೆ. ಪೆಟ್ಟಿಗೆಯಿಲ್ಲ, ಬಾಯಿಯೂ ಇಲ್ಲ. “ಬಾಯಿಲ್ಲದ್ದು ಹ್ಯಾಂಗ ಹಾಡತೈತಿ ಲೇ?” ಎಂದೆ. “ಬಾಯಿ ನಮ್ಮ ರೇಡಿಯೋದ್ದು ಬೇ, ಅದರ ಬೆನ್ನಾಗ ಎರಡು ತೂತು ಅದಾವಲ್ಲ, ಅದಕ್ಕ ಇದರ ವಾಯರ ಚುಚ್ಚೂದು,” ಎಂದ. ರೇಡಿಯೋದ ಬೆನ್ನಿನ ಆ ತೂತುಗಳನ್ನು ನಾನು ಗಾಳಿ ಆಡಲಿಕ್ಕೆ ಎಂದುಕೊಂಡಿದ್ದೆ. ಚಹಾಪುಡಿ ಬರುವ ಹಲಗೆ ಪೆಟ್ಟಿಗೆಯನ್ನು ಕೊಯ್ಯಿಸಿ ಯಂತ್ರಕ್ಕೆ ಮನೆ ಮಾಡಿದ, ಸೈಕಲ್ ಟ್ಯೂಬು ಕತ್ತರಿಸಿ ಅದರ ಕಾಲಿಗೆ ಜೋಡು ತೊಡಿಸಿದ. ಹೊಸ ತಟ್ಟೆಗೆ ಒಪ್ಪುವ ಮುಳ್ಳನ್ನು ಮಾತ್ರ ಹೊಸದು ತಂದ. ಅದನ್ನು ಹತ್ತಿಯಲ್ಲಿ ಸುತ್ತಿ ತಂದ ರೀತಿಗೆ ಹೆಂಡತಿಗೆ ಮೂಗುಬೊಟ್ಟು ತಂದಿದ್ದಾನೆಂದು ನಾನು ಮೋಸ ಹೋದೆ. ಎಲ್ಲ ಜೋಡಿಸಿದ ಮೇಲೆ ರೇಡಿಯೋ ದುಂಬಿಯಂತೆ ಗುಂಯ್ ಎಂದಿತು. ಅದಕ್ಕೆ ಇನ್ನೊಂದು ತಂತಿ ಕಟ್ಟಿ ಬಚ್ಚಲ ಮೋರಿಯ ಹಸಿ ಮಣ್ಣಿನಲ್ಲಿ ಹುಗಿದ. ಮಣ್ಣು ಒಣಗಿದರೆ ಮತ್ತೆ ಗುಂಯ್, ಆದ್ದರಿಂದ ಹಾಡು ಕೇಳುವ ಮೊದಲು ಮೋರಿಗೆ ಒಂದು ತಂಬಿಗೆ ನೀರು ಹಾಕಬೇಕು. ದೇವರಿಗೂ ನಮ್ಮ ಮನೆಯಲ್ಲಿ ಇಷ್ಟು ತಪ್ಪದೆ ನೀರು ಹಾಕಿದವರಿಲ್ಲ.

ಇಷ್ಟಾದ ಮೇಲೂ ಹಾಡು ಸರಿಯಾಗಿ ಸಾಗಲೊಲ್ಲದು. ಸ್ಟೂಲಿನ ಮೇಲಿಟ್ಟ, ನೆಲದ ಫರಸಿಯ ಕಲ್ಲು ಅಲುಗಾಡಿ ಮುಳ್ಳು ಜಿಗಿಯಿತು. ಟ್ರಂಕಿನ ಮೇಲಿಟ್ಟ, ರಸ್ತೆಯಲ್ಲಿ ಲಾರಿ ಹೋಯಿತು, ಮುಳ್ಳು ಜಿಗಿಯಿತು. ಪಕ್ಕದ ಮನೆಯಲ್ಲಿ ಖಾರ ಕುಟ್ಟಿದರೂ ಜಿಗಿತ. ಮುಳ್ಳಿನ ಕೈಯ ಮೇಲೆ ಹಳೆಯ ತಾಮ್ರದ ದುಡ್ಡೊಂದನ್ನು ಅಂಟಿಸಿದ. ಆಗ ಜಿಗಿಯುವುದು ಬಿಟ್ಟು ಒಂದೇ ಮಾತನ್ನು ಮತ್ತೆ ಮತ್ತೆ ಹೇಳತೊಡಗಿತು, ನಮ್ಮ ಬೀಗರ ಹಾಗೆ. ಕೊನೆಗೆ ಪಡಸಾಲೆಯ ಮೂಲೆ ನೋಡಿದ. ಅಲ್ಲಿ ನೆಲದಲ್ಲಿ ಮಣ್ಣು ಕೊಟ್ಟು ಕೂರಿಸಿದ ನನ್ನ ಬೀಸುಕಲ್ಲು, ಭೂಮಿ ಅಲುಗಿದರೂ ತಾನು ಅಲುಗದೆ ಕೂತಿತ್ತು. ನಾನು ಗುಡಿಯಿಂದ ಬರುವಷ್ಟರಲ್ಲಿ ಕಲ್ಲು ತಿರುಗಿಸುವ ಗೂಟ ಕಿತ್ತು ಗೋಡೆಯ ಗೂಡಿನಲ್ಲಿಟ್ಟು, ಮೇಲೊಂದು ಹಲಗೆ ಹಾಸಿ, ಪೆಟ್ಟಿಗೆ ಕೂರಿಸಿದ್ದ. ಹಾಡು ಒಂದೇ ಸಮ, ನೀರು ಹರಿದಂತೆ ಬರುತ್ತಿತ್ತು. ಗಂಡ ಹೆಂಡತಿ ಇಬ್ಬರೂ ಕಣ್ಣು ಮುಚ್ಚಿ ಕೂತಿದ್ದರು.

“ಅದನ್ನ ಇಳಸು,” ಎಂದೆ.

“ಯವ್ವಾ, ಒಂದು ಬದಿ ಮುಗೀಲಿ ಬೇ.”

“ಬದಿ ಗಿದಿ ಗೊತ್ತಿಲ್ಲ. ನಾಳಿ ಹಿಟ್ಟು ಎಲ್ಲಿಂದ ಬರತೈತಿ? ನಿನ್ನ ರೇಡಿಯೋದ ಬೆನ್ನಾಗಿಂದ ಉದುರತೈತೇನ?”

ಸೊಸೆ ಮೆಲ್ಲಗೆ, “ನಾ ಬೆಳಿಗ್ಗೆ ಇಳಿಸಿ ಬೀಸಿ ಮತ್ತ ಇಡತೇನ್ರಿ ಅತ್ತಿ. ನೀವು ಗುಡಿಗಿ ಹೋಗಿ ಬರೂದ್ರಾಗ ಆಗತೈತ್ರಿ,” ಎಂದಳು.

ನನಗೆ ಕೇಳಿಸಲಿಲ್ಲ, ಕೇಳಿಸಿದರೂ ನಂಬಲಿಲ್ಲ. ಇವತ್ತು ಕಲ್ಲಿನ ಮೇಲೆ ಪೆಟ್ಟಿಗೆ, ನಾಳೆ ಪೆಟ್ಟಿಗೆ ಇಳಿಸುವ ಬೇಸರ, ನಾಡಿದ್ದು ಗಿರಣಿ. ಇದು ನನಗೆ ಅಂಗೈಯಷ್ಟು ಸ್ಪಷ್ಟ. ರೊಟ್ಟಿಯ ವಿಷಯದಲ್ಲಿ ನನ್ನ ಮಾತು ಬಿದ್ದರೆ ಉಪ್ಪಿನಕಾಯಿಯ ವಿಷಯದಲ್ಲಿ ಬೀಳುತ್ತದೆ, ಆಮೇಲೆ ಹಬ್ಬದ ವಿಷಯದಲ್ಲಿ, ಆಮೇಲೆ ಮೂಲೆಯಲ್ಲಿ ಕೂತು ಔಷಧಿ ಕುಡಿಯುವ ಮುದುಕಿಯಾಗುತ್ತೇನೆ. ಆದ್ದರಿಂದ ಗಂಟು ಕಟ್ಟಿದೆ. “ಆ ಪೆಟಗಿ ಇಳಿಯೂತನಕ ನಾ ಈ ಮನ್ಯಾಗ ಉಣ್ಣೂದಿಲ್ಲ,” ಎಂದು ಓಣಿಗೆಲ್ಲ ಕೇಳುವಂತೆ ಹೇಳಿ ಬಸ್ಸು ಹತ್ತಿ ಹೊನವಾಡದ ಮಗಳ ಮನೆಗೆ ಹೋದೆ.

ಮಗಳು ಕಸ್ತೂರಿ ನನ್ನನ್ನು ಕಂಡು ಹಿಗ್ಗಿದಳು, ಬಿಸಿ ರೊಟ್ಟಿ ಬಡಿಸಿದಳು. ಒಂದು ತುತ್ತಿಗೇ ತಿಳಿಯಿತು. “ಏನ ಇದು, ಬೂದಿ ತಿಂದಂಗ ಆಕ್ಕೈತಿ?” ಎಂದೆ. ಅವಳು ನಾಚಿಕೆಯಿಲ್ಲದೆ, “ಗಿರಣಿದು ಬೇ. ಹೊಲದ ಕೆಲಸಾ ಬಿಟ್ಟು ಯಾರು ಬೀಸಕೋತ ಕುಂದರತಾರ? ಟಿಕೋಟಾಕ್ಕ ಹೋದಾಗ ಹಾಕಿಸ್ಕೊಂಡು ಬರತೀವಿ,” ಎಂದಳು. ನಾನು ಹೆತ್ತವಳು! “ನನ್ನ ಹೊಟ್ಟ್ಯಾಗ ಹುಟ್ಟಿ ಈ ಮಾತು ಆಡತಿ?” ಎಂದರೆ, “ನಿನ್ನ ಹೊಟ್ಟ್ಯಾಗ ಹುಟ್ಟೇನಿ, ನಿನ್ನ ಕಲ್ಲು ನನ್ನ ಹೊಟ್ಟ್ಯಾಗ ಹುಟ್ಟಿಲ್ಲಲ್ಲ,” ಎಂದು ಇನ್ನೊಂದು ರೊಟ್ಟಿ ಹಾಕಿದಳು. ಹಾಗೂ ಹೀಗೂ ಕೆಲವು ದಿನ ನುಂಗಿದೆ. ಮಗ ಬಂದು ಕರೆಯಲಿ ಎಂದು ಬಸ್ಸಿನ ಸದ್ದಾದಾಗಲೆಲ್ಲ ಬಾಗಿಲಿಗೆ ಬಂದೆ. ಅವನೇಕೆ ಬರುತ್ತಾನೆ, ಅಲ್ಲಿ ಹಾಡು ನಡೆದಿತ್ತು. ಕೊನೆಗೆ ನಾನೇ ಗಂಟು ಎತ್ತಿಕೊಂಡು ಬಂದೆ. ಮನೆಯ ಹೊಸ್ತಿಲಲ್ಲಿ ನಿಂತು ಕರಾರು ಹೇಳಿದೆ: ಪೆಟ್ಟಿಗೆ ಕಲ್ಲಿನ ಮೇಲೆ ಇರಲಿ, ಕಲ್ಲು ನನ್ನದು, ಆದ್ದರಿಂದ ಯಾವ ತಟ್ಟೆ, ಯಾವ ಬದಿ, ಯಾವಾಗ ಸಾಕು, ಎಲ್ಲ ನಾನು ಹೇಳಿದಂತೆ. ಹಿಟ್ಟು ಮಾತ್ರ ಕಲ್ಲಿನದೇ ಆಗಬೇಕು. ಇಬ್ಬರೂ ತಕ್ಷಣ ಹೂಂ ಎಂದರು. ಅಷ್ಟು ಬೇಗ ಒಪ್ಪಿದ್ದಕ್ಕೆ ನನಗೆ ಸಂಶಯ ಬರಬೇಕಿತ್ತು. ಬಂದದ್ದು ಹೆಮ್ಮೆ. ಅವತ್ತು ಸೊಸೆ ಮಾಡಿದ ರೊಟ್ಟಿ ಮುರಿದು ಬಾಯಿಗಿಟ್ಟು, “ಆಹಾ, ಇದು ರೊಟ್ಟಿ! ಹೊನವಾಡದಾಗ ತಿಂದಿದ್ದು ರಟ್ಟು,” ಎಂದೆ. ಮಗ ನೀರು ಕುಡಿಯುತ್ತಿದ್ದವನು ಕೆಮ್ಮಿದ.

ಆಮೇಲೆ ಒಂದು ವರ್ಷ ನನ್ನ ರಾಜ್ಯ. ಸಂಜೆ ಮೋರಿಗೆ ನೀರು ಬಿದ್ದ ಸದ್ದಾದರೆ ನಾನು ಕಲ್ಲಿನ ಪಕ್ಕ ಚಾಪೆ ಹಾಸಿಕೊಳ್ಳುತ್ತಿದ್ದೆ. ಇರುವುದು ಮೂರೇ ತಟ್ಟೆ. ಒಂದರಲ್ಲಿ ಸನಾದಿ, ಮದುವೆಯಿಲ್ಲದೆ ಸನಾದಿ ಊದಿಸುವುದು ನನಗೆ ದುಂದು ಅನಿಸುತ್ತದೆ. ಇನ್ನೊಂದರಲ್ಲಿ ಒಬ್ಬ ಗಂಡಸು, ಹಲ್ಲುನೋವಿದ್ದವರ ಹಾಗೆ ಹಾಡುತ್ತಾನೆ. ಮೂರನೆಯದರಲ್ಲಿ ಹೆಣ್ಣುಮಗಳೊಬ್ಬಳು ಹಾಡುವ ಭಜನೆ. ಅವಳ ದನಿ ದಪ್ಪ, ನೇರ, ಓಣಿಯಲ್ಲಿ ಜಗಳ ಬಿಡಿಸುವ ದನಿ. ಅದು ನನಗೆ ಮೆಚ್ಚು. ಲೇಬಲ್ಲು ಓದಲು ಬರದಿದ್ದರೂ ತಟ್ಟೆಯ ಅಂಚಿನ ಮೇಲಿನ ಅರಿಶಿನದ ಕಲೆಯಿಂದ ಅದನ್ನು ಗುರುತು ಹಿಡಿಯುತ್ತಿದ್ದೆ. “ಹೆಂಗಸಿನ ತಾಟು ಹಚ್ಚು,” ಎಂದರೆ ಮಗ ಹಚ್ಚಬೇಕು. ಓಣಿಯ ಹೆಂಗಸರು ಬಂದು ಬಾಗಿಲಲ್ಲಿ ಕೂರುತ್ತಿದ್ದರು. ಅವರಿಗೆ ನಾನು ಹಾಡಿನ ನಡುವೆ ಗಿರಣಿ ಹಿಟ್ಟಿನ ಕೇಡು ಹೇಳುತ್ತಿದ್ದೆ. ಒಂದು ದಿನ ಗೂಡಿನಲ್ಲಿದ್ದ ಕಲ್ಲಿನ ಗೂಟಕ್ಕೆ ಜೇಡ ಬಲೆ ಕಟ್ಟಿದ್ದು ಕಂಡಿತು. “ಏ ಸುಶೀಲಾ, ದಿನಾ ಬೀಸತಿ, ಗೂಟಾ ಒರಸಾಕ ಬರೂದಿಲ್ಲೇನ? ಎಷ್ಟು ಹೊಲಸ ನೋಡು!” ಎಂದು ಎಲ್ಲರ ಎದುರು ಗದರಿದೆ. “ಒರಸತೇನ್ರಿ ಅತ್ತಿ,” ಎಂದಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಸೊಸೆಯ ಆಲಸ್ಯಕ್ಕೆ ನೋಡಿದರೆಂದುಕೊಂಡೆ.

ಮೊನ್ನೆ ಗುಡಿಯಿಂದ ಬರುವಾಗ ನಮ್ಮ ಓಣಿಯ ಬಾಯಿಗೆ ಹೊಟ್ಟಿನ ಗಾಡಿಯೊಂದು ಅಡ್ಡ ಬಿದ್ದಿತ್ತು. ಸುತ್ತಿಕೊಂಡು ಗಿರಣಿಯ ಓಣಿಯಿಂದ ಬರಬೇಕಾಯಿತು. ಆ ಓಣಿಗೆ ನಾನು ಕಾಲಿಡುವವಳಲ್ಲ. ಮೂಗಿಗೆ ಸೆರಗು ಹಿಡಿದು ದಾಟುತ್ತಿದ್ದೆ. ಹುಬ್ಬಿನವರೆಗೆ ಹಿಟ್ಟು ಬಡಿದುಕೊಂಡ ಗಿರಣಿಯವನು ಹಿಂದಿನಿಂದ ಕೂಗಿದ.

“ಆಯೀ, ನಿಂದರ್ರಿ. ನಿಮ್ಮ ಡಬ್ಬಿ ಇಲ್ಲೇ ಉಳದೈತಿ, ಒಯ್ರಿ.”

“ನಮ್ಮ ಮನಿ ಡಬ್ಬಿ ನಿನ್ನ ಗಿರಣ್ಯಾಗ ಯಾಕ ಬರತೈತಿ? ಯಾರದೋ ಇರಬೇಕು, ನೋಡು.”

“ಹೆಸರು ಬರದೈತಲ್ರಿ.”

ಹಿತ್ತಾಳೆಯ ಡಬ್ಬಿ. ಮೇಲೆ ನಮ್ಮಪ್ಪ ಚುಕ್ಕಿ ಚುಕ್ಕಿಯಾಗಿ ಹೊಡೆಸಿದ ಹೆಸರು: ಗೌರವ್ವ, ಘೋಣಸಗಿ. ನಾನು ತಪ್ಪಿಲ್ಲದೆ ಓದಬಲ್ಲ ಅಕ್ಷರಗಳು ಅವಷ್ಟೇ. ಅವತ್ತು ಅಷ್ಟೂ ಬರದಿದ್ದರೆ ಚೆನ್ನಾಗಿತ್ತು.

“ಯಾವಾಗಿಂದ ಬರತಾಳ ಆಕಿ?” ಎಂದೆ.

“ಮೂರು ವರ್ಷಾತಲ್ರಿ, ಮದಿವ್ಯಾಗಿ ಬಂದಾಗಿಂದ. ಭಾಳ ಚಲೋ ಹೆಣಮಗಳ್ರಿ ನಿಮ್ಮ ಸೊಸಿ. ಸಣ್ಣಗ ಬೀಸಬ್ಯಾಡ್ರಿ, ಕಲ್ಲಿನಾಗ ಬೀಸಿದಂಗ ಒಂಚೂರು ತರಿ ಇರಲಿ ಅಂತಾರ. ಹಿಟ್ಟು ಆರೂತನಕ ಬಾಯಿ ತೆರದಿಟ್ಟು ಕುಂತಿರತಾರ. ನಮ್ಮತ್ತಿಗೆ ಬಿಸಿ ಹಿಟ್ಟು ಆಗಿಬರೂದಿಲ್ರಿ ಅಂತಾರ.”

ಮೂರು ವರ್ಷ! ಪೆಟ್ಟಿಗೆ ಬಂದದ್ದು ವರ್ಷದ ಹಿಂದೆ. ಅಂದರೆ ಪೆಟ್ಟಿಗೆ ಬರುವ ಮೊದಲೇ ಕಲ್ಲು ಖಾಲಿ ಕೂತಿತ್ತು; ಅದಕ್ಕೇ ಮಗನಿಗೆ ಅಷ್ಟು ಧೈರ್ಯ. ಆಗೆಲ್ಲ ಕಲ್ಲಿನ ಸುತ್ತ ದಿನವೂ ಹಿಟ್ಟು ಚೆಲ್ಲಿರುತ್ತಿತ್ತಲ್ಲ, ‘ಚೆಲ್ಲಬ್ಯಾಡ’ ಎಂದು ನಾನೇ ಬೈಯುತ್ತಿದ್ದೆನಲ್ಲ, ಅದನ್ನು ನಾನು ಗುಡಿಗೆ ಹೋದಾಗ ಅವಳು ರಂಗೋಲಿ ಹಾಕಿದಂತೆ ಉದುರಿಸುತ್ತಿದ್ದಳು. ಯಾವ ಹಿಟ್ಟನ್ನು ಕಾಯಲು ನಾನು ಹೊನವಾಡಕ್ಕೆ ಹೋಗಿ ಗಿರಣಿ ರೊಟ್ಟಿ ನುಂಗಿದೆನೋ, ಆ ಹಿಟ್ಟು ಈ ಮನೆಯಲ್ಲಿ ಇರಲೇ ಇಲ್ಲ.

ಡಬ್ಬಿ ಹೊತ್ತು ಮನೆಗೆ ಬಂದೆ. ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡೇ ಬಂದಿದ್ದೆ, ಒಳ್ಳೊಳ್ಳೆಯವು ಕೂಡಿದ್ದವು. ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ಬೈದರೆ ಏನಾಗುತ್ತದೆ ಎಂದು ಅಲ್ಲೇ ನಿಂತು ಯೋಚಿಸಿದೆ. ಕಲ್ಲು ಖಾಲಿ ಮಾಡಿಸಬೇಕು. ಪೆಟ್ಟಿಗೆಗೆ ಈ ಮನೆಯಲ್ಲಿ ಬೇರೆ ಜಾಗವಿಲ್ಲ. ಆ ದಪ್ಪ ದನಿಯ ಹೆಂಗಸು ಸ್ಟೂಲಿನ ಮೇಲೆ ಕೂತು ಬಿಕ್ಕುತ್ತಾಳೆ. ಓಣಿಯ ಹೆಂಗಸರಿಗೆ ಮೊದಲೇ ಗೊತ್ತಿರುವುದು ಇನ್ನು ನನ್ನ ಬಾಯಿಂದಲೇ ಗೊತ್ತಾಗುತ್ತದೆ. ಮತ್ತೆ ಗಂಟು ಕಟ್ಟಿದರೆ ಹೋಗಲಿಕ್ಕಿರುವುದು ಹೊನವಾಡ. ಡಬ್ಬಿಯನ್ನು ಅದರ ಜಾಗದಲ್ಲಿ ಸದ್ದಾಗದಂತೆ ಇಟ್ಟು ಹೊರಗೆ ಬಂದೆ.

ಸಂಜೆ ಮೋರಿಗೆ ನೀರು ಬಿತ್ತು. “ಯವ್ವಾ, ಯಾವುದು ಹಚ್ಚಲಿ?” ಎಂದ ಮಗ. “ಕೇಳತಿ ಏನ, ಹೆಂಗಸಿಂದು,” ಎಂದೆ. ಸೊಸೆ ನನ್ನ ಮುಂದೆ ರೊಟ್ಟಿಯ ತಾಟು ತಂದಿಟ್ಟಳು, ಆದರೆ ಒಳಗೆ ಹೋಗಲಿಲ್ಲ, ಸೆರಗಿನ ತುದಿ ಸುತ್ತುತ್ತ ನಿಂತಳು. ಡಬ್ಬಿ ಕಂಡಿದ್ದಳು.

“ರೊಟ್ಟಿ ಹ್ಯಾಂಗ ಆಗ್ಯಾವ್ರಿ ಅತ್ತಿ?”

ನಾನು ಮುರಿದು, ಅಗಿದು, ನುಂಗಿ, ಓಣಿಗೆಲ್ಲ ಕೇಳುವಂತೆ ಹೇಳಿದೆ: “ಕಲ್ಲಿನ ಹಿಟ್ಟಿನ ರುಚಿನ ಬ್ಯಾರೆ ನೋಡು. ಗಿರಣಿಗಿ ಹಾಕಿಸಿದ್ರ ಬರತೈತೇನ ಇದು?”

“ಎಲ್ಲಿ ಬರತೈತ್ರಿ,” ಎಂದಳು. ನಗಲಿಲ್ಲ, ಅದೊಂದು ಒಳ್ಳೆಯ ಗುಣ ಅವಳಲ್ಲಿ. ಬೆಳಗ್ಗೆ ನೋಡಿದರೆ ಗೂಡಿನಲ್ಲಿದ್ದ ಗೂಟ ಎಣ್ಣೆ ಹಚ್ಚಿ ಒರೆಸಿದಂತೆ ಹೊಳೆಯುತ್ತಿತ್ತು.

ನಾನು ಸುಳ್ಳು ಹೇಳಿದೆ ಎಂದುಕೊಳ್ಳಬೇಡಿ. ರೊಟ್ಟಿ ಬಾಯಿಗಿಟ್ಟಾಗ ನಾಲಿಗೆ ಅದನ್ನೇ ಹೇಳಿತು, ಇವತ್ತಿಗೂ ಹೇಳುತ್ತದೆ, ಇದು ಕಲ್ಲಿನ ಹಿಟ್ಟೇ ಎಂದು. ಮಗನಿಗೆ ಗೊತ್ತು, ಸೊಸೆಗೆ ಗೊತ್ತು, ಗಿರಣಿಯವನಿಗೆ ಗೊತ್ತು, ಓಣಿಗೆ ಗೊತ್ತು, ಈಗ ನನಗೂ ಗೊತ್ತು. ಗೊತ್ತಿಲ್ಲದ್ದು ಈ ನಾಲಿಗೆಗೆ ಒಂದಕ್ಕೇ. ಇಷ್ಟು ವರ್ಷ ನಂಬಿಕೊಂಡು ಬಂದಿದ್ದೇನೆ, ಈ ವಯಸ್ಸಿನಲ್ಲಿ ಅದರ ಮನಸ್ಸು ನೋಯಿಸುವುದು ಬೇಡವೆಂದು ನಾನೂ ಅದಕ್ಕೆ ತಿಳಿಸಿಲ್ಲ.