ನಾಲ್ಕು ಡಬ್ಬಿ ಮಳೆ

ಮಾರ್ಚ್ ತಿಂಗಳ ಒಂದು ಗುರುವಾರ, ಬೆಳಿಗ್ಗೆ ಎಂಟು ಗಂಟೆ ಮೂವತ್ತು ನಿಮಿಷಕ್ಕೆ ಸರಿಯಾಗಿ, ನಾನು ಡಿಶ್ ಆಂಟೆನಾದ ಕೆಳಗೆ ತಲೆ ತಗ್ಗಿಸಿ ನಿಂತು, ಒಂದು ಕಣ್ಣು ಮುಚ್ಚಿ, ಮಳೆಮಾಪಕದ ಅಳತೆಗಾಜನ್ನು ಇನ್ನೊಂದು ಕಣ್ಣಿನ ಮಟ್ಟಕ್ಕೆ ಹಿಡಿದಿದ್ದೆ. ಹಿಂದಿನ ಸಂಜೆ ಬಣಕಲ್ ಮೇಲೆ ವರ್ಷದ ಮೊದಲ ಹೂಮಳೆ ಸುರಿದಿತ್ತು. ಈ ಮಳೆ ಒಂದು ಇಂಚು ದಾಟಿದರೆ ಕಾಫಿಯ ಮೊಗ್ಗು ಪೂರ್ತಿ ಅರಳುತ್ತದೆ. ದಾಟದಿದ್ದರೆ ಎರಡು ದಿನದೊಳಗೆ ಪಂಪು ಹಚ್ಚಿ, ಉಳಿದದ್ದನ್ನು ಸ್ಪ್ರಿಂಕ್ಲರಿನಿಂದ ತುಂಬಿಸಬೇಕು. ಇಲ್ಲವಾದರೆ ಆ ವರ್ಷದ ಫಸಲಿಗೆ ಸಲಾಂ ಹೇಳಬೇಕು. ಇಂಥ ಗಳಿಗೆಯಲ್ಲಿ ಅಳೆಯುವವನು ಬಿ.ಎಸ್ಸಿ. ಆಗಿರುವುದು ತೋಟದ ನಸೀಬು. (ಫಸ್ಟ್ ಕ್ಲಾಸ್. ಕೇಳಿದವರಿಗೆ ಮಾತ್ರ ಹೇಳುತ್ತೇನೆ.)

"ಒಂದು ಇಂಚು ನಲವತ್ತು ಸೆಂಟು!" ಎಂದು ಅಂಗಳಕ್ಕೆಲ್ಲ ಕೇಳುವಂತೆ ಘೋಷಿಸಿದೆ. (ನೂರು ಸೆಂಟಿಗೆ ಒಂದು ಇಂಚು.)

ನನ್ನ ಹೆಂಡತಿ ಬುಷ್ರಾ ಅಡುಗೆಮನೆಯ ಕಿಟಕಿಯಿಂದ ಇಣುಕಿದಳು. "ಅಷ್ಟೊಂದಾ? ನಾನು ತಂತಿ ಮೇಲೆ ಮರೆತುಬಿಟ್ಟ ಕಂಬಳಿ ಅರ್ಧನೂ ನೆಂದಿಲ್ಲ ಕಣ್ರೀ."

"ಕಂಬಳಿ ವೈಜ್ಞಾನಿಕ ಉಪಕರಣ ಅಲ್ಲ."

ಅಂಗಳದ ಮಧ್ಯದಲ್ಲಿ ಮಗಳು ಜಿಕ್ರಾ ಚಾಪೆ ಬಿಚ್ಚುತ್ತಿದ್ದಳು. ಅವಳಿಗೆ ಎಂಟು ವರ್ಷ; ಮೂಡಿಗೆರೆಯಲ್ಲಿ ಮಾಂಟೆಸರಿ ಶಾಲೆಯ ಪ್ರಾಥಮಿಕ ವಿಭಾಗಕ್ಕೆ ಹೋಗುತ್ತಾಳೆ. ಅಲ್ಲಿ ಪರೀಕ್ಷೆ ಇಲ್ಲ, ಅಂಕ ಇಲ್ಲ. ಬೇರೆಯವರ ಮಕ್ಕಳು ಹದಿನೇಳರ ಮಗ್ಗಿ ಒಪ್ಪಿಸುವಾಗ ನನ್ನ ಮಗಳು ಸಾವಿರ ಮಣಿಯ ಸರವನ್ನು ನೆಲದುದ್ದಕ್ಕೂ ಹಾಸಿ ಎಣಿಸಿ, ವಿಶ್ವ ಹೇಗೆ ಹುಟ್ಟಿತೆಂಬ ಕತೆ ಕೇಳಿ, ತಾನು ಕೂತ ಜಾಗವನ್ನು ತಾನೇ ಒರೆಸಿ ಮನೆಗೆ ಬರುತ್ತಾಳೆ. "ಇವತ್ತು ಏನು ಕಲಿತೆ?" ಎಂದರೆ "ಇನ್ನೂ ಮುಗಿದಿಲ್ಲ ಅಬ್ಬು" ಎನ್ನುತ್ತಾಳೆ. ಮೂರು ವರ್ಷದಿಂದ ಇದೇ ಉತ್ತರ.

ಈಗ ಚಾಪೆಯ ಮೇಲೆ ಒಂದೇ ಅಳತೆಯ ನಾಲ್ಕು ಹಾಲಿನಪುಡಿ ಡಬ್ಬಿಗಳು ಸಾಲಾಗಿ ಕೂತವು. ಚಾರ್ಮಾಡಿ ಕಡೆ ಮೋಡ ಕವಿದಾಗಲೇ ಅವನ್ನು ಅಂಗಳದ ನಾಲ್ಕು ಮೂಲೆಗಳಲ್ಲಿ ಇಟ್ಟಿದ್ದಳಂತೆ. ಒಂದೊಂದರಲ್ಲೂ ಸ್ಕೇಲು ಇಳಿಸಿ ಓದಿದಳು: ಹದಿನಾರು ಮಿಲಿಮೀಟರ್, ಹದಿನೈದು, ಹದಿನಾರು, ಹದಿನೈದು.

"ಇದು ಎಷ್ಟು ಸೆಂಟಾಗುತ್ತೆ ಅಬ್ಬು?"

ಲೆಕ್ಕ ಕೇಳಿದರೆ ನಾನು ಬಿಡುವವನಲ್ಲ. "ಸರಾಸರಿ ಹದಿನೈದೂವರೆ. ಇಪ್ಪತ್ತೈದು ಪಾಯಿಂಟ್ ನಾಲ್ಕರಿಂದ ಭಾಗಿಸು. ಅರವತ್ತೊಂದು ಸೆಂಟು."

ಅವಳು ಬರೆದುಕೊಂಡು ನನ್ನನ್ನೇ ನೋಡಿದಳು.

"ಡಬ್ಬಿ ತಪ್ಪು ತೋರಿಸ್ತಿದೆ ಮಗಾ."

"ತಪ್ಪು ಅಂತ ನಾವು ಹೇಳೋ ಹಾಗಿಲ್ಲ. ಸಾಮಾನೇ ತೋರಿಸುತ್ತೆ, ನಾವು ಸುಮ್ನೆ ಕಾಯ್ಬೇಕು ಅಂತ ಆಂಟಿ ಹೇಳಿದಾರೆ." (ಆಂಟಿ ಎಂದರೆ ಅವಳ ಟೀಚರು.) "ಮತ್ತೆ ಅಬ್ಬು, ಚಾಪೆ ಮೇಲಿಂದ ಕಾಲು ತೆಗೀರಿ. ಇದು ನನ್ನ ಕೆಲಸ."

ಕಾಲು ತೆಗೆದೆ. ಬುಷ್ರಾ ಹೊರಗೆ ಬಂದಳು. "ಯಾವುದಕ್ಕೂ ಎರಡು ದಿನ ಪಂಪು ಓಡ್ಸೋಣಾರೀ. ಮೊಗ್ಗು ಅರ್ಧಕ್ಕೆ ನಿಂತುಬಿಟ್ರೆ?"

"ನಲವತ್ತು ಸೆಂಟು ಜಾಸ್ತಿನೇ ಬಂದಿದೆ. ಪೈಪೆಲ್ಲ ಶೆಡ್ಡಿಗೆ ಸೇರಲಿ."

ಅಷ್ಟರಲ್ಲಿ ಪಕ್ಕದ ತೋಟದ ಮಲ್ಲಿಕಾರ್ಜುನಪ್ಪನವರ ಫೋನು. "ನಿಮ್ಮಲ್ಲಿ ಎಷ್ಟು ಬಂತು ಮಾರಾಯ್ರೆ? ನಮ್ಮ ಅಳತೆ ಗಾಜು ಹೋದ ವಾರ ಒಡೆದುಹೋಯ್ತು."

ಹೇಳಿದೆ.

"ಹಂಗಾರೆ ಪಂಪು ಬೇಡ ಅನ್ನಿ?"

"ಬೇಡವೇ ಬೇಡ."

ಹತ್ತು ಗಂಟೆಯ ಬಸ್ಸಿಗೆ ನಾನು ಚಿಕ್ಕಮಗಳೂರಿಗೆ ಹೊರಟೆ. ಬೆಳೆಗಾರರಿಗೆ ಎರಡು ದಿನದ ತರಬೇತಿ. ಅದರಲ್ಲಿ ನನ್ನದೂ ಒಂದು ಭಾಷಣ. ವಿಷಯ: ತೋಟದಲ್ಲಿ ನಿಖರ ದಾಖಲೆ.

ಶನಿವಾರ ಸಂಜೆ ಮರಳಿದಾಗ ಗಿಡದ ಬುಡದ ಮಣ್ಣು ಇನ್ನೂ ಒದ್ದೆಯಾಗಿತ್ತು. "ಮೂರನೆಯ ದಿನವೂ ತೇವ ಉಳಿದಿದೆ, ಒಂದು ಇಂಚು ನಲವತ್ತು ಸೆಂಟಿಗೆ ಇದು ಸಹಜ" ಎಂದು ನೋಟ್‌ಬುಕ್ಕಿನಲ್ಲಿ ಬರೆದು, ಅಡಿಗೆರೆ ಎಳೆದೆ.

ಎಂಟನೆಯ ದಿನ ಬೆಳಗಾಗುವ ಮೊದಲೇ ಪರಿಮಳ ನನ್ನನ್ನು ಎಬ್ಬಿಸಿತು. ಹೊರಗೆ ಬಂದರೆ ತೋಟ ಇರಲಿಲ್ಲ. ಇಳಿಜಾರಿನ ತುಂಬ ಬೆಳ್ಳಗೆ ಏನೋ ಹರಡಿಕೊಂಡಿತ್ತು; ಮಂಜು ಎಲ್ಲಿ ಮುಗಿಯಿತು, ಹೂವು ಎಲ್ಲಿ ಶುರುವಾಯಿತು ಎಂದು ಹೇಳುವುದು ನನ್ನಂಥವನಿಗೂ ಕಷ್ಟವಾಯಿತು. ಒಂದು ರೆಕ್ಕೆಗೆ, ಅಂದರೆ ಗಿಡದ ಅಡ್ಡಕೊಂಬೆಗೆ, ಎಷ್ಟು ಗಂಟು ಹೂವು ಎಂದು ಎಣಿಸಲು ಹೊರಟವನು ಹನ್ನೊಂದಕ್ಕೆ ನಿಲ್ಲಿಸಿದೆ. ಜೇನುಹುಳಗಳ ಗುಂಯ್ ಎಂಬ ಸದ್ದಿನೊಳಗೆ ನಾನು ನಡೆಯುತ್ತಿದ್ದೇನೋ ತೇಲುತ್ತಿದ್ದೇನೋ ತಿಳಿಯಲಿಲ್ಲ. ಜಿಕ್ರಾ ನನ್ನ ಕಿರುಬೆರಳು ಹಿಡಿದು ಜೊತೆಗೆ ಬಂದಳು.

ಬೇಲಿಯಾಚೆ ಮಲ್ಲಿಕಾರ್ಜುನಪ್ಪನವರ ತೋಟವೂ ಬೆಳ್ಳಗಿತ್ತು. "ನೋಡಿದ್ರಾ ಸಾರ್? ಒಂದು ನಲವತ್ತು ಅಂದ್ರೆ ಹೀಗೆ!" ಎಂದೆ.

"ನಿಮ್ಮ ಮನೆ ಲೆಕ್ಕ ನಂಬಿ ಕೆಟ್ಟಿಲ್ಲ ಮಾರಾಯ್ರೆ," ಎಂದು ಅವರು ಯಾಕೋ ಜಿಕ್ರಾಳನ್ನು ನೋಡಿ ನಕ್ಕರು.

ಮರುವಾರ ಶಾಲೆಯಲ್ಲಿ ಪೋಷಕರ ದಿನ. ಮಕ್ಕಳು ತಮ್ಮ ಕೆಲಸವನ್ನು ತೋರಿಸುತ್ತಾರೆ, ದೊಡ್ಡವರು ನೆಲದ ಮೇಲೆ ಕೂತು ನೋಡಬೇಕು. ಮೊಮ್ಮಗಳ ಸಲುವಾಗಿ ಮಲ್ಲಿಕಾರ್ಜುನಪ್ಪನವರೂ ಬಂದಿದ್ದರು. ಜಿಕ್ರಾ ಚಾಪೆ ಬಿಚ್ಚಿದಳು. ನಾಲ್ಕು ಡಬ್ಬಿ ಇಟ್ಟಳು. ಮಧ್ಯದಲ್ಲಿ ಲಾಳಿಕೆ ಸಿಕ್ಕಿಸಿದ ಒಂದು ಬಾಟಲಿ. ಅದರ ಮೇಲೆ ಓರೆಯಾಗಿ ಕಟ್ಟಿದ ಒಂದು ಸ್ಟೀಲ್ ತಟ್ಟೆ. ಆ ಓರೆ ನನಗೆ ಪರಿಚಯದ್ದು. ಜನವರಿಯಲ್ಲಿ ಕ್ರಿಕೆಟ್ ನೋಡಲೆಂದು ಕೋನಮಾಪಕ ಹಿಡಿದು ಮಳೆಮಾಪಕದ ನೆತ್ತಿಯ ಮೇಲೆಯೇ ಡಿಶ್ ಕೂರಿಸಿದವನು ನಾನೇ.

ಅವಳು ಮೇಲಿನಿಂದ ಜರಡಿ ಹಿಡಿದು ಮಳೆಯಂತೆ ನೀರು ಸುರಿದಳು. ಡಬ್ಬಿಗಳಲ್ಲಿ ಒಂದಿಷ್ಟು ನೀರು ನಿಂತಿತು. ತಟ್ಟೆಯ ಮೇಲೆ ಬಿದ್ದ ನೀರೆಲ್ಲ ಅಂಚಿಗೆ ಹರಿದು ಬಂದು, ಗುರಿಯಿಟ್ಟಂತೆ ಲಾಳಿಕೆಗೆ ತೊಟ್ಟಿಕ್ಕಿತು. ಟಪ್. ಟಪ್. ಅವಳು ಕೈಕಟ್ಟಿ ಕಾದಳು. ಪೋಷಕರೆಲ್ಲ ಬಾಟಲಿ ನೋಡಿದರು. ನಾನು ನನ್ನ ಕಾಲ್ಬೆರಳು ನೋಡಿಕೊಂಡೆ.

ಆಮೇಲೆ ಗೋಡೆಗೆ ಚಾರ್ಟ್ ಹಚ್ಚಿದಳು. ಮೊದಲು ಒಂದು ಪಟ್ಟಿ, ಕೆಳಗೆ ನೀಲಿ, ಮೇಲೆ ಹಸಿರು; ಎರಡೂ ಸೇರಿ ಒಂದು ಇಂಚಿನ ಗೆರೆ ಮುಟ್ಟಿತ್ತು. ನೀಲಿಗೆ "ಮಳೆ, ಅರವತ್ತೊಂದು ಸೆಂಟು" ಎಂದಿತ್ತು. ಹಸಿರಿಗೆ "ಸ್ಪ್ರಿಂಕ್ಲರ್, ಅಮ್ಮಿ, ಎರಡು ದಿನ" ಎಂದಿತ್ತು.

"ನಮ್ಮಲ್ಲೂ ಓಡಿಸಿದ್ವಿ," ಮಲ್ಲಿಕಾರ್ಜುನಪ್ಪನವರು ನನ್ನ ಕಿವಿಯಲ್ಲಿ ಹೇಳಿದರು. "ನೀವು ಬಸ್ಸು ಹತ್ತಿದ ಮೇಲೆ ನಿಮ್ಮ ಪಾಪು ಫೋನ್ ಮಾಡಿ ಡಬ್ಬಿ ವಿಷಯ ಹೇಳ್ತು."

ನಾನು ಬುಷ್ರಾಳತ್ತ ತಿರುಗಿದೆ. "ಹಂಗಾದ್ರೆ ಅವತ್ತಿನ ಆ ತೇವ..."

"ಬರೆದು ಅಡಿಗೆರೆನೂ ಎಳೆದ್ರಲ್ಲ, ನಾನ್ಯಾಕೆ ಬೇಜಾರು ಮಾಡ್ಲಿ ಅಂತ ಸುಮ್ಮನಾದೆ."

ಕೊನೆಯಲ್ಲಿ ಒಂದು ಕೆಂಪು ಪಟ್ಟಿ ಇತ್ತು. ಅದಕ್ಕೆ ಚಾರ್ಟಿನ ಎತ್ತರ ಸಾಲದೆ ಮೇಲೆ ಇನ್ನೊಂದು ಹಾಳೆ ಅಂಟಿಸಿದ್ದಳು. ಕೆಳಗೆ "ತಪ್ಪು" ಎಂದು ಬರೆದಿರಲಿಲ್ಲ. ದುಂಡಗೆ, ಅಕ್ಕರೆಯಿಂದ, "ಅಬ್ಬು ಹೇಳಿದ್ದು" ಎಂದು ಬರೆದಿದ್ದಳು. ಸಂಖ್ಯೆಯ ಜಾಗ ಖಾಲಿ.

"ಇದು ಎಷ್ಟು ಜಿಕ್ರಾ?" ಆಂಟಿ ಮೆಲ್ಲಗೆ ಕೇಳಿದರು.

"ಅದು ಅಬ್ಬು ಕೆಲಸ. ಅವರೇ ಹೇಳ್ಬೇಕು," ಎಂದು ಜಿಕ್ರಾ ನನ್ನ ಕೈಗೆ ಪೆನ್ಸಿಲ್ ಕೊಟ್ಟಳು.

ಎಲ್ಲರೂ ನನ್ನತ್ತ ತಿರುಗಿದರು. ಎದ್ದು ಸ್ಟೂಲು ಹತ್ತಿದೆ, ಅಭ್ಯಾಸಬಲದಿಂದ ಒಂದು ಕಣ್ಣು ಮುಚ್ಚಿದೆ, ಬರೆಯುತ್ತ ಎಲ್ಲರಿಗೂ ಕೇಳುವಂತೆ ಓದಿದೆ:

"ಒಂದು ಇಂಚು ನಲವತ್ತು ಸೆಂಟು."