ಗುಂಡಿ ಒಮ್ಮೆ ಒತ್ತಿದರೆ ಸಾಕು

ಸಿಟ್ಟು ಬಂದಾಗ ದೌಲಪ್ಪನ ಕೈಗೆ ಸಿಕ್ಕ ಗುಂಡಿಗೆ ಉಳಿಗಾಲವಿರಲಿಲ್ಲ. ಬೈಕಿನ ಹಾರ್ನು, ಲಾಡ್ಜಿನ ಲಿಫ್ಟು, ಬೀಗರ ಮನೆಯ ಕರೆಗಂಟೆ, ಎಲ್ಲಕ್ಕೂ ಒಂದೇ ಮರ್ಯಾದೆ: ಉತ್ತರ ಬರುವ ತನಕ ಒತ್ತುವುದು. ಐದನೇ ಇಯತ್ತೆಗೆ ಶಾಲೆ ಬಿಟ್ಟವನಿಗೆ ಪೂರ್ತಿ ಒಲಿದದ್ದು ಈ ವಿದ್ಯೆಯೊಂದೇ.

ಅವನದು ಕಲಬುರಗಿಯ ಸ್ಟೇಶನ್ ಬಜಾರಿನಲ್ಲಿ ಬಾಳೆಹಣ್ಣಿನ ಅಂಗಡಿ. ಕೆಂಪು ಬಾಳೆ ಬರುವುದು ಕಮಲಾಪುರದಿಂದ, ಹೆಂಡತಿಯ ತಮ್ಮ ಅಂಬಾರಾಯನ ತೋಟದಿಂದ. ಹೆಂಡತಿ ಗುರುಬಾಯಿ ಮೂರು ತಿಂಗಳು ಕುಸನೂರಿನ ಕಂಪ್ಯೂಟರ್ ತರಗತಿಗೆ ಓಡಾಡಿ ಜಾವಾಸ್ಕ್ರಿಪ್ಟ್ ಕಲಿತು, ಹಣ್ಣಿಗೆ ಆರ್ಡರ್ ಕೊಡುವ ವೆಬ್ ಪುಟ ಕಟ್ಟಿದಳು. ಇಲ್ಲಿ ಗುಂಡಿ ಒತ್ತಿದರೆ ಅಲ್ಲಿ ಅಂಬಾರಾಯನ ಫೋನು ಟಿಣ್ ಎನ್ನಬೇಕು.

"ಪುಟದ ಡಬ್ಬ್ಯಾಗ ಬರೆದ ಅಂಕಿ ಕಂಪ್ಯೂಟರಿಗೆ ಬರೀ ಅಕ್ಷರದಂಗ ಕಾಣ್ತದರಿ," ಎಂದು ಮೊದಲ ದಿನವೇ ವಿವರಿಸಿದಳು. "ಇದು ಸಂಖ್ಯೆ ಅಂತ ಬಿಡಿಸಿ ಹೇಳದಿದ್ರ, ಎರಡಕ್ಕ ಒಂದು ಕೂಡಸಂದ್ರ ಇಪ್ಪತ್ತೊಂದು ಅಂತದ. ಅದನ್ನ ಸರಿ ಮಾಡೀನಿ."

"ನಿನ್ನ ತಮ್ಮನ ಕಡಿಂದ ಲೆಕ್ಕ ಕಲ್ತದೇನು ಅದು?" ಎಂದ ದೌಲಪ್ಪ.

ಒಂದು ಬೆಳಿಗ್ಗೆ ಐದು ಡಜನ್ ಬೇಕಾಗಿ ಅವನೇ ಫೋನಿನಲ್ಲಿ ಗುಂಡಿ ಒತ್ತಿದ. ನೆಟ್ ಮಂದವಾಗಿತ್ತು, ಪುಟ ಅಲ್ಲಾಡಲಿಲ್ಲ. (ಒತ್ತಿ ಸುಮ್ಮನೆ ಕೂಡುವುದು ಅವನ ವಂಶದಲ್ಲೇ ಇರಲಿಲ್ಲ.) ಮತ್ತೆ ಒತ್ತಿದ. ಬೈದು ಒತ್ತಿದ. ಎದ್ದು ನಿಂತು ಒತ್ತಿದ.

ಮಧ್ಯಾಹ್ನ ಅಂಗಡಿ ಮುಂದೆ ಹಣ್ಣು ಹೇರಿದ ಟಂಟಂ ಗಾಡಿ ನಿಂತಿತು. ಅರವತ್ತು ಡಜನ್.

"ಹನ್ನೆರಡು ಸಲ ಬಂತು ಮಾಮಾ," ಎಂದ ಅಂಬಾರಾಯ ಫೋನಿನಲ್ಲಿ. "ಯಾಕ ಅಂತ ಕೇಳಿದ್ರ ಬೈತೀರಿ. ಅದಕ್ಕ ಸುಮ್ನ ಹೇರಿ ಕಳಿಸಿದೆ."

ದೌಲಪ್ಪ ಗುರುಬಾಯಿಯತ್ತ ತಿರುಗಿದ. "ಎರಡು ದಿನದಾಗ ಇವು ಕರ್ರಗ ಆಗ್ತಾವ. ಒಂದು ಹಣ್ಣು ಕೆಟ್ರೂ ನಿನ್ನ ಪುಟ ಬಂದ್, ತಿಳೀತಿಲ್ಲೊ?"

ಅವಳು ಆರ್ಡರುಗಳ ಪಟ್ಟಿ ತೆರೆದು ತೋರಿಸಿದಳು. "ಹನ್ನೆರಡೂ ಒಂದೇ ಫೋನಿಂದ, ಒಂದೇ ನಿಮಿಷದಾಗ ಬಂದಾವ. ಇದು ಯಾರ ಬೆರಳರಿ?"

ದೌಲಪ್ಪ ತನ್ನ ಬೆರಳನ್ನು ಯಾರದೋ ಎಂಬಂತೆ ನೋಡಿಕೊಂಡ.

"ತಪ್ಪು ನಂದೂ ಅದ," ಎಂದಳು ಗುರುಬಾಯಿ. "ಒಮ್ಮೆ ಒತ್ತಿದ ಕೂಡಲೇ ಗುಂಡಿ ಬಂದ್ ಆಗಿ, ಉತ್ತರ ಬಂದ ಮ್ಯಾಗ ತೆರೀಬೇಕು. ಅದನ್ನ ಬರೆಯೋದು ಬಿಟ್ಟಿದ್ದೆ." ಹಣ್ಣಿನ ಬುಟ್ಟಿಗೆ ಒರಗಿ ಕುಳಿತು ಎರಡು ಸಾಲು ಬರೆದಳು.

ಅವನು ತೆರೆದು ನೋಡಿದರೆ ಅದೇ ಗುಂಡಿ. "ಏನೂ ಬದಲಾಗಿಲ್ಲಲ್ಲ!"

"ಬ್ರೌಸರ್ ಹಳೇದನ್ನೇ ಬಚ್ಚಿಟ್ಟುಕೊಂಡು ತೋರಸ್ತದರಿ, ನೀವು ಹಳೇ ಸಿಟ್ಟು ಇಟ್ಟುಕೊಂಡಂಗ. ಫೈಲಿನ ಹೆಸರಿಗೆ ಹೊಸ ನಂಬರ್ ಹಚ್ಚೀನಿ. ಈಗ ನೋಡ್ರಿ."

ಹೌದು, ಈಗ ಒತ್ತಿದ ಗುಂಡಿ ಮಬ್ಬಾಗಿ ತಣ್ಣಗೆ ಕುಳಿತಿತು. ಆ ಪ್ರಯೋಗದ ಆರ್ಡರನ್ನು ಅವಳೇ ತನ್ನ ಪಟ್ಟಿಯಿಂದ ಅಳಿಸಿ, ಪುಟದ ನೆತ್ತಿಯ ಮೇಲೆ 'ಕಮಲಾಪುರದ ಕೆಂಪು ಬಾಳೆ, ಇಂದೇ ಕೊಯ್ದದ್ದು' ಎಂದು ಬರೆದು ಗುರುತಿನ ಗಿರಾಕಿಗಳಿಗೆಲ್ಲ ಕಳಿಸಿದಳು. ಲಾಡ್ಜಿನವರು ಹದಿನೈದು ಡಜನ್ ಒಯ್ದರು. ನಬಿಸಾಬರ ಮನೆಯ ನಿಕಾಹಕ್ಕೆ ಮೂವತ್ತು ಹೋಯಿತು. ಉಳಿದದ್ದು ಬಿಡಿಯಾಗಿ ಮಾರಿ, ಮರುದಿನ ಸಂಜೆಯ ಹೊತ್ತಿಗೆ ಕೆಂಪು ಬಾಳೆಯ ಬುಟ್ಟಿಗಳಲ್ಲಿ ಒಣ ಎಲೆ ಮಾತ್ರ.

ದೌಲಪ್ಪ ಖಾಲಿ ಬುಟ್ಟಿಗಳನ್ನು ಒಂದರೊಳಗೊಂದು ಜೋಡಿಸಿಟ್ಟ. ಇಪ್ಪತ್ತೆರಡು ವರ್ಷ ಈ ಹೆಂಗಸು ಅವನ ಹನ್ನೆರಡನೆಯ ಒತ್ತನ್ನೂ ತಾಳಿಕೊಂಡು ಬಂದಿದ್ದಳು. ಉಪಕಾರದ ಒಂದು ಮಾತು ಹೇಳಬೇಕು, ನಾಲಿಗೆ ಏಳದು. ಪುಟದಲ್ಲಿ 'ಬೇರೆ ಏನಾದರೂ ಹೇಳುವುದಿದ್ದರೆ' ಎಂಬ ಡಬ್ಬಿ ಕಂಡಿತು. ಪುಟ ಅವಳದು, ಓದುವವಳೂ ಅವಳೇ ತಾನೆ? ಒಂದೇ ಬೆರಳಿನಲ್ಲಿ ಅರ್ಧ ತಾಸು ಕುಟ್ಟಿದ: 'ಬೈದದ್ದು ತಪ್ಪಾಯಿತು. ನೀ ಇದ್ದದ್ದಕ್ಕ ನನ್ನ ಸಂಸಾರ ನಡದದ. ನಿನ್ನ ಕೈಗೆ ಬಂಗಾರದ ಬಳಿ ಮಾಡಸ್ತೀನಿ.' ಡಜನ್ ತುಂಬದೆ ಪುಟ ಮುಂದಕ್ಕೆ ಬಿಡಲಿಲ್ಲ. ಐದು ಎಂದು ತುಂಬಿದ. ಒಮ್ಮೆ ಒತ್ತಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಿಂತ.

ಗುರುಬಾಯಿಯ ಫೋನು ಹೊಡೆದುಕೊಂಡಿತು. ಗಿರಾಕಿಗಳಿಗೆ ಏಲಕ್ಕಿ ಬಾಳೆ ಕಟ್ಟುತ್ತಿದ್ದವಳು ಸ್ಪೀಕರಿಗೆ ಹಾಕಿದಳು.

"ಅಕ್ಕಾ, ಐದು ಡಜನ್ ನಾಳೆ ಕಳಸ್ತೀನಿ ಅಂತ ಮಾಮಾಗ ಹೇಳು," ಎಂದ ಅಂಬಾರಾಯ. "ನಾ ಇದ್ದದ್ದಕ್ಕ ಅವರ ಸಂಸಾರ ನಡದದ ಅಂತ ಬರದಾರ, ಓದಿ ಕಣ್ಣಾಗ ನೀರು ಬಂತು. ಆದ್ರ ಬಂಗಾರದ ಬಳಿ ನನಗ ಯಾಕ ಬೇ? ನಾ ಗಂಡಸು."

ಗಿರಾಕಿಗಳು ನಗು ತಡೆಯಲು ಬಾಳೆಗೊನೆಯ ಮರೆಗೆ ಹೋದರು. ದೌಲಪ್ಪ ಫೋನಿನಲ್ಲಿ ಆರ್ಡರ್ ಅಳಿಸುವ ಗುಂಡಿ ಹುಡುಕತೊಡಗಿದ.

"ಅದನ್ನ ನಾ ಇಟ್ಟೇ ಇಲ್ಲರಿ," ಎಂದು ಗುರುಬಾಯಿ ಎರಡೂ ಕೈ ಮುಂದೆ ಚಾಚಿದಳು. "ಅಳತಿ ತಗೋರಿ."