ಜನ್ನಾಪುರದ ಕಂಪ್ಯೂಟರಿಗೆ ಉಷ್ಣ

ಕಂಪ್ಯೂಟರ್ ರಿಪೇರಿ ಅಂತ ಬೋರ್ಡು ಹಾಕಿಕೊಂಡು ಕೂತವನಿಗೆ ಕೆಟ್ಟ ಕಂಪ್ಯೂಟರ್ ಬರುತ್ತೆ, ಸರಿ. ಅದರ ಹಿಂದೆ ಒಂದು ಸಂಸಾರವೇ ಗಂಟುಬೀಳುತ್ತೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ನನ್ನ ಅಂಗಡಿ ಇದ್ದಷ್ಟು ಕಾಲವೂ ಇಂಥವು ಆಗ್ತಾನೇ ಇದ್ದವು. ಆದರೆ ಭದ್ರಾವತಿಯ ಜನ್ನಾಪುರದ ಆ ವಿಡಿಯೋದವನಷ್ಟು ನನ್ನನ್ನ ಓಡಾಡಿಸಿದವರು ಬೇರೆ ಇಲ್ಲ.

ಅವನು ಮದುವೆ ವಿಡಿಯೋ ತೆಗೆಯೋನು. ತೆಗೆದದ್ದನ್ನ ಕತ್ತರಿಸಿ ಜೋಡಿಸಿ ಸಿಡಿ ಮಾಡೋ ಮಿಕ್ಸಿಂಗಿಗೆ ಶಿವಮೊಗ್ಗದಲ್ಲಿ ಬೇರೆಯವರಿಗೆ ಕೊಡ್ತಿದ್ದ. ಇನ್ನು ಮುಂದೆ ಅದನ್ನೂ ನಾನೇ ಮಾಡ್ತೀನಿ ಅಂತ ನನ್ನಿಂದ ಒಂದು ಕಂಪ್ಯೂಟರ್ ಜೋಡಿಸಿಕೊಂಡ. ಅದರಲ್ಲಿ ಕೈಗೆತ್ತಿಕೊಂಡ ಮೊದಲ ಮದುವೆ ಅವರ ಪಕ್ಕದ ಬೀದಿಯದು. ಆ ಮದುಮಗಳಿಗೆ ಒಬ್ಬಳು ತಂಗಿ. ಅವಳನ್ನ ಸೊಸೆ ಮಾಡ್ಕೋಬೇಕು ಅಂತ ಇವನ ತಾಯಿಗೆ ಮಹದಾಸೆ. "ನಂಗೇನೂ ಇಲ್ಲ ಸಾರ್, ಎಲ್ಲಾ ಅಮ್ಮಂದೇ" ಅಂತ ಇವನು ನೆಲ ನೋಡ್ಕೊಂಡು ಹೇಳ್ತಿದ್ದ. ಹೆಣ್ಣಿನ ಅಪ್ಪನ ಕಿವಿಗೆ ವಿಷಯ ಹಾಕಿದ್ದಕ್ಕೆ ಅವರು, "ಬೀಗರ ಊಟದ ದಿನ ಮದುವೆ ಸಿಡಿ ಹಾಕ್ಲಿ. ಬೀಗರೂ ನೋಡ್ತಾರೆ, ನಾನೂ ನೋಡ್ತೀನಿ. ಹುಡುಗನ ಕೆಲಸ ಹೆಂಗಿದೆ ಅಂತ ತಿಳ್ಕೊಂಡು ಮುಂದಿನ ಮಾತು" ಅಂದಿದ್ರಂತೆ.

ಅಲ್ಲಿಗೆ ಅವನ ಕಂಕಣಭಾಗ್ಯ ಒಂದು ಸಿಡಿ ಮೇಲೆ ನಿಂತಿತ್ತು. ಈ ಕಂಪ್ಯೂಟರೋ, ಸಿಡಿ ಅರ್ಧ ತಯಾರಾಗೋ ಹೊತ್ತಿಗೆ ಪ್ರೊಸೆಸರ್ ಕಾದು ಟಪ್ ಅಂತ ಆಫ್ ಆಗ್ತಿತ್ತು.

ತೊಂಬತ್ತೈದು

ಅವನು ಗಾಬರಿಯಲ್ಲಿ ನಮ್ಮ ಮನೆಗೇ ಫೋನ್ ಮಾಡಿದ. ನಾನು ಸ್ನಾನಕ್ಕೆ ಹೋಗಿದ್ದೆ. ನನ್ನ ಹೆಂಡತಿ ಎತ್ತಿದಳು.

"ಅಕ್ಕಾ, ಸಾರ್ ಇಲ್ವಾ? ತೊಂಬತ್ತೈದಕ್ಕೆ ಹೋಗ್ಬಿಟ್ಟಿದೆ! ಏನ್ ಮಾಡ್ಲಿ?"

"ತೊಂಬತ್ತೈದಾ? ಅದು ಜ್ವರಾನೇ ಅಲ್ಲ ಕಣಪ್ಪಾ. ಮೈ ತಣ್ಣಗಾಗಿದೆ ಅಂತ ಅರ್ಥ. ಶುಂಠಿ ಕಷಾಯ ಕುಡಿದು ಕಂಬಳಿ ಹೊದ್ದು ಮಲ್ಕೋ."

"ಅಯ್ಯೋ, ನಂಗಲ್ಲ ಅಕ್ಕಾ, ಕಂಪ್ಯೂಟರಿಗೆ!"

ನಮ್ಮವಳು ಆಡಿದ ಮಾತು ವಾಪಸ್ ತಗೊಳ್ಳೋ ಪೈಕಿ ಅಲ್ಲ. "ಹಂಗಾದ್ರೆ ಅದಕ್ಕೇ ಹೊದಿಸು" ಅಂತ ಫೋನ್ ಇಟ್ಟಳು.

ಮೂರು ಗೆರೆ

ಫ್ಯಾನ್ ದೊಡ್ಡದು ಹಾಕಿದ್ವಿ, ಡಬ್ಬದ ಬಾಗಿಲು ಬಿಚ್ಚಿಟ್ವಿ, ಬಿಸಿ ಜಗ್ಗಲಿಲ್ಲ. ಕಾರಿಗೆ ನೀರು ಹಾಕಿ ತಣ್ಣಗಿಡೋದಾದ್ರೆ ಇದಕ್ಕೆ ಯಾಕಾಗಬಾರದು ಅಂತ ಅವನ ತಲೆಗೆ ಹೊಳೀತು. ಲೇತ್ ಅಂಗಡಿಯಲ್ಲಿ ತಾಮ್ರದ ಒಂದು ಪುಟ್ಟ ಪೆಟ್ಟಿಗೆ ಮಾಡಿಸಿದ. ಗುಜರಿಯಿಂದ ಹಳೇ ಕಾರಿನ ರೇಡಿಯೇಟರ್, ಮೀನಿನ ತೊಟ್ಟಿಗೆ ಹಾಕೋ ಮೋಟರ್, ಒಂದು ಬಕೆಟ್. ಮೋಟರ್ ಬಕೆಟ್ಟಿನ ನೀರನ್ನ ಮೇಲಕ್ಕೆ ತಳ್ಳಬೇಕು, ಪ್ರೊಸೆಸರ್ ಮೇಲೆ ಕೂತ ತಾಮ್ರದ ಪೆಟ್ಟಿಗೆಯೊಳಗೆ ಹಾದು ಆ ನೀರು ಬಿಸಿ ಎಳ್ಕೋಬೇಕು, ರೇಡಿಯೇಟರಲ್ಲಿ ಆರಿ ಮತ್ತೆ ಬಕೆಟ್ಟಿಗೆ ಬೀಳಬೇಕು. ಕರೆಂಟು, ನೀರು ಎರಡೂ ಅಕ್ಕಪಕ್ಕ ನೋಡಿ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಆದ್ರೂ ಭಲೇ ಅನಿಸಿತು, ಸುಳ್ಳು ಹೇಳಲ್ಲ.

ಎರಡೇ ದಿನಕ್ಕೆ ಫೋನ್. "ಸಾರ್, ನೀರು ತಣ್ಣಗಿದೆ, ಪ್ರೊಸೆಸರ್ ಮಾತ್ರ ಕುದೀತಿದೆ."

ಬಸ್ ಹತ್ತಿ ಹೋದೆ. ತಾಮ್ರದ ಪೆಟ್ಟಿಗೆ ಎತ್ತಿ ನೋಡ್ತೀನಿ, ಪ್ರೊಸೆಸರ್ ಮೇಲೆ ದಪ್ಪಕ್ಕೆ ಮೂರು ವಿಭೂತಿ ಗೆರೆ, ನಡುವೆ ಕುಂಕುಮ!

"ಬಿಸಿ ದಾಟಿಸೋಕೆ ನಡುವೆ ಹಚ್ಚೋ ಪೇಸ್ಟ್ ಎಲ್ಲಯ್ಯಾ?"

"ಬಿಳೀದು ತೆಳ್ಳಗೆ ಹಚ್ಚು ಅಂತ ನೀವೇ ಫೋನಲ್ಲಿ ಹೇಳಿದ್ರಲ್ಲ ಸಾರ್. ಅಮ್ಮ ಪೂಜೆಗೆ ಕೂತಿದ್ರು, ಅವರೇ ಹಚ್ಚಿಕೊಟ್ರು."

ಒರೆಸೋಕೆ ಬಟ್ಟೆ ತಗೊಂಡೆ. ಅವನ ತಾಯಿ ಕೈ ಹಿಡ್ಕೊಂಡ್ರು. "ಬೇಡಪ್ಪಾ, ಶುಭಕಾರ್ಯದ ಹೊತ್ತಲ್ಲಿ ಹಣೆ ಬರಿದು ಮಾಡಬಾರದು." ಏನ್ ಹೇಳಿದ್ರೂ ಬಿಡಲ್ಲ. ಕಡೆಗೆ ಒರೆಸಿ, ನನ್ನ ಹತ್ತಿರ ಇದ್ದ ಬಿಳೀ ಪೇಸ್ಟಿನಲ್ಲೇ ಮೂರು ಗೆರೆ ಎಳೆದು ತೋರಿಸಿದೆ. ಆಯಮ್ಮ ಕೈ ಮುಗಿದ್ರು, ನಾನು ಪೆಟ್ಟಿಗೆ ಒತ್ತಿ ಕೂರಿಸಿದೆ, ಬಿಸಿ ಸರ್ರನೆ ಇಳೀತು. ಆಮೇಲೆ ಶಿವಮೊಗ್ಗದ ಗಿರಾಕಿಗಳಿಗೂ ನಾನು ಮೂರು ಗೆರೆಯೇ ಎಳೀತಿದ್ದೆ. ಕೇಳಿದವರಿಗೆ ಕಂಪನಿಯವರ ಪದ್ಧತಿ ಅಂತಿದ್ದೆ.

ಕರೆಂಟ್ ಹೋದ್ರೆ ಬಿಸಿ

"ಇದೆಂಥ ವಿಚಿತ್ರ ಮಾರಾಯ್ರೆ!" ಅಂತ ಮತ್ತೆ ಫೋನ್. "ಕರೆಂಟ್ ಇದ್ದಾಗ ತಣ್ಣಗಿರುತ್ತೆ. ಕರೆಂಟ್ ಹೋದ್ರೆ ಬಿಸಿ ಆಗುತ್ತೆ!"

ಹೋಗಿ ನೋಡಿದ್ರೆ ವಿಚಿತ್ರ ಏನೂ ಇಲ್ಲ. ಕಂಪ್ಯೂಟರ್ ಯುಪಿಎಸ್ ಮೇಲೆ ಓಡ್ತಿದೆ, ನೀರಿನ ಮೋಟರ್ ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದೆ. ಕರೆಂಟ್ ಹೋದ ತಕ್ಷಣ ನೀರು ನಿಲ್ಲುತ್ತೆ, ಕಂಪ್ಯೂಟರ್ ನಿಲ್ಲಲ್ಲ.

"ಮೋಟರನ್ನೂ ಯುಪಿಎಸ್‌ಗೆ ಹಾಕೋಕೇನು ದಾಡಿ ನಿಂಗೆ?"

"ಜಾಗ ಇಲ್ಲ ಸಾರ್. ಇನ್ನೊಂದು ಪ್ಲಗ್ಗಲ್ಲಿ ಅಮ್ಮನ ಟೀವಿ ಇದೆ."

ನಾನು ಟೀವಿ ವೈರಿಗೆ ಕೈ ಹಾಕಿದೆ. ಆಯಮ್ಮ ಅಡುಗೆಮನೆಯಿಂದಲೇ ಹೇಳಿದ್ರು, "ನನ್ನ ಧಾರಾವಾಹಿ ನಿಂತ್ರೆ ನಂಗೆ ಎಷ್ಟು ಬಿಸಿ ಆಗುತ್ತೆ ಅಂತ ನಿನ್ನ ಮಿಷಿನ್ನಲ್ಲಿ ಅಳತೆ ಸಿಗಲ್ಲಪ್ಪಾ."

ಟೀವಿ ವೈರು ಬಿಟ್ಟು ಪೇಟೆಗೆ ಹೋಗಿ ಮೂರು ಪ್ಲಗ್ಗಿನ ಬೋರ್ಡು ತಂದೆ.

ಬೀಗರ ಊಟ

ಬೀಗರ ಊಟದ ದಿನ ಬಂತು. ಮಧ್ಯಾಹ್ನಕ್ಕೆ ಸಿಡಿ ಹಾಕಬೇಕು, ಬೆಳಿಗ್ಗೆ ಅವನ ಫೋನ್, ಅಳೋ ದನಿ. "ಸಾರ್, ನೀರೇ ಓಡ್ತಿಲ್ಲ. ಕಡೇ ಭಾಗ ಬಾಕಿ ಇದೆ. ನನ್ನ ಕಥೆ ಮುಗೀತು."

ಪಾಪ ಅನಿಸಿತು. ಅಂಗಡಿ ಬಾಗಿಲು ಎಳೆದು ಓಡಿದೆ. ಹೋಗಿ ಬಕೆಟ್ಟಿಗೆ ಬಗ್ಗಿ ನೋಡಿದೆ. ನೀರೆಲ್ಲ ಕಪ್ಪೆಮೊಟ್ಟೆ ಹಾಗೆ ಲೊಳಲೊಳ! ಪೈಪ್ ತುಂಬ, ಮೋಟರ್ ಬಾಯಿ ತುಂಬ ಅದೇ.

"ಯಾರ್ರೀ ಇದಕ್ಕೆ ಏನೋ ಹಾಕಿದ್ದು?"

"ನಾನೇ ಕಣಪ್ಪಾ" ಅಂದ್ರು ತಾಯಿ, ಒಂಚೂರೂ ಅಳುಕಿಲ್ಲದೆ. "ಉಷ್ಣ ಉಷ್ಣ ಅಂತ ನೀವಿಬ್ರೂ ಒದ್ದಾಡ್ತಿದ್ರಲ್ಲ. ಕಾಮಕಸ್ತೂರಿ ಬೀಜ ತಂಪಲ್ವಾ? ಮಗನಿಗೆ ಒಂದು ಲೋಟ ಕೊಟ್ಟೆ, ಇದಕ್ಕೆ ಒಂದು ಹಿಡಿ ಹಾಕ್ದೆ."

ನೆನೆದು ಉಬ್ಬಿದ ಬೀಜ ಪೈಪಿನಿಂದ ಬರಬೇಕಾದ್ರೆ ಊದೋದೊಂದೇ ದಾರಿ. ನಾನು ಆ ತುದಿಯಿಂದ ಊದಿದೆ, ಅವನು ಈ ತುದಿಯಲ್ಲಿ ಇಣುಕಿ ನೋಡ್ತಿದ್ದ. ಅಷ್ಟೂ ಬೀಜ ಅವನ ಮುಖಕ್ಕೇ ಹೋಯ್ತು. ತೊಳೆದು, ಹೊಸ ನೀರು ಹಾಕಿ, ಅಮ್ಮನನ್ನ ಬಕೆಟ್ಟಿಂದ ದೂರ ಕೂರಿಸಿದ್ವಿ. ಊಟದ ಎಲೆ ಎತ್ತೋ ಹೊತ್ತಿಗೆ ಸಿಡಿ ತಯಾರಾಯ್ತು. ಬಿಸಿಬಿಸಿ ಸಿಡಿ ಹಿಡ್ಕೊಂಡು ಪಕ್ಕದ ಬೀದಿಗೆ ಓಡಿದ್ವಿ.

ಶಾಮಿಯಾನದಲ್ಲಿ ಟೀವಿ ಇಟ್ಟಿದ್ರು. ಬೀಗರು ಮುಂದಿನ ಸಾಲಲ್ಲಿ ಎಲೆಅಡಿಕೆ ಹಾಕ್ಕೊಂಡು ಕೂತಿದ್ರು. ಸಿಡಿ ಶುರುವಾಯ್ತು. ಮದುಮಗಳ ತಂಗಿ ಆರತಿ ತಟ್ಟೆ ತರ್ತಾಳೆ, ಸ್ಲೋ ಮೋಷನ್. ತಂಗಿ ಜಡೆ ಹಿಂದಕ್ಕೆ ಹಾಕ್ತಾಳೆ, ಸ್ಲೋ ಮೋಷನ್, ಸುತ್ತ ಗುಲಾಬಿ ದಳ ಉದುರುತ್ತೆ. ತಾಳಿ ಕಟ್ಟೋ ಹೊತ್ತಿಗೆ ಗಟ್ಟಿಮೇಳ ಕೇಳಿಸ್ತಿದೆ, ಪರದೆ ತುಂಬ ತಂಗಿ ಅಕ್ಷತೆ ಹಾಕೋ ಕೈ. ಸ್ಲೋ ಮೋಷನ್ ಒಂದೊಂದೂ ಕಂಪ್ಯೂಟರಿಗೆ ಎಷ್ಟು ಭಾರ ಅಂತ ನನಗೆ ಗೊತ್ತು. ಬಡಪಾಯಿ ಪ್ರೊಸೆಸರ್ ಯಾಕೆ ಹಂಗೆ ಕುದೀತಿತ್ತು ಅಂತ ಅವತ್ತು ಅರ್ಥ ಆಯ್ತು.

ಮದುಮಗನ ತಾಯಿ ತಡೀಲಾರದೆ ಕೇಳೇಬಿಟ್ರು, "ನಮ್ಮ ಸೊಸೆ ಬರೋದು ಎರಡನೇ ಸಿಡಿಯಲ್ಲಾ?"

ಶಾಮಿಯಾನವೇ ಗೊಳ್ ಅಂತು. ನಮ್ಮವನು ಕಂಬದ ಹಿಂದೆ ಸೇರ್ಕೊಂಡ. ಅವನ ತಾಯಿ ಸೆರಗಿನ ತುದಿ ಬಾಯಿಗಿಟ್ಟುಕೊಂಡ್ರು. ಹೆಣ್ಣಿನ ಅಪ್ಪ ಮಾತ್ರ ನಗಲಿಲ್ಲ, ಎದ್ದು ನಿಂತ್ರು. ಕಿರೀ ಮಗಳ ಕಡೆ ನೋಡಿದ್ರು. ಅವಳು ಹೋಳಿಗೆ ತಟ್ಟೆ ಹಿಡ್ಕೊಂಡು, ಮುಖ ಕೆಂಪಗೆ ಮಾಡ್ಕೊಂಡು ನಗ್ತಾ ನಿಂತಿದ್ದಳು. ಅಪ್ಪ ಕಂಬದ ಹತ್ತಿರ ಹೋದ್ರು.

"ನಿನ್ನ ಕೆಲಸ ನೋಡಿದೆ ಕಣಪ್ಪಾ. ಹೆಣ್ಣು ಕೊಡ್ತೀನಿ. ಆದ್ರೆ ಆ ಮದುವೆ ವಿಡಿಯೋ ನೀನು ತೆಗಿಯೋ ಹಾಗಿಲ್ಲ."